ಮಕ್ಕಳೊಂದಿಗೆ ಸರಕಾರವನ್ನು ಗಮನಿಸುವುದು ಹೇಗೆ? ಕೊಡಗಿನ ಮನೆಗಳಿಗೊಂದು ಕೈಪಿಡಿ

ಮಳೆಗಾಲದಲ್ಲಿ ಕೊಡಗಿನ ಮಕ್ಕಳಿಗೆ ಚೆನ್ನಾಗಿ ಗೊತ್ತಿರುವ ಸರಕಾರಿ ಅಧಿಕಾರಿ ಎಂದರೆ ಜಿಲ್ಲಾಧಿಕಾರಿ. ಜುಲೈ ತಿಂಗಳ ಸಂಜೆ ಗಾಳಿ ಜೋರಾಗಿ, ಕರೆಂಟು ಹೋಗಿ, ಅಲ್ಲಲ್ಲಿ ಮರ ಬಿದ್ದ ಸುದ್ದಿ ಬರತೊಡಗಿದರೆ ಮನೆಮನೆಯಲ್ಲೂ ಒಂದೇ ಪ್ರಶ್ನೆ: "ಡಿಸಿ ರಜೆ ಕೊಟ್ರಾ?" ಆ ಆದೇಶ ಹೆಡ್‌ಮಾಸ್ಟರ ಕೈಯಲ್ಲಿಲ್ಲ, ಮಡಿಕೇರಿಯಿಂದಲೇ ಬರಬೇಕು ಎಂಬುದು ಐದನೇ ಕ್ಲಾಸಿನ ಹುಡುಗನಿಗೂ ಗೊತ್ತು. ಈಗಿನ ಮಕ್ಕಳಿಗೆ ಆಡಳಿತದ ವಿಚಾರದಲ್ಲಿ ಆಸಕ್ತಿಯೇ ಇಲ್ಲ ಎನ್ನುವವರು ಈ ಸಂಜೆಗಳನ್ನು ಒಮ್ಮೆ ನೆನಪಿಸಿಕೊಳ್ಳಬೇಕು. ಆಸಕ್ತಿ ಬೇಕಾದಷ್ಟಿದೆ. ದೊಡ್ಡವರಾದ ನಾವು ಅದನ್ನು ಮುಂದಕ್ಕೆ ಒಯ್ಯುವುದಿಲ್ಲ.

ಅದಕ್ಕೆ ಒಂದು ಕಾರಣವಿದೆ. ರಾಜಕೀಯ ತಿಳಿದುಕೊಳ್ಳುವುದೆಂದರೆ ರಾತ್ರಿ ಟಿವಿಯ ಮುಂದೆ ಕೂತು ದಿಲ್ಲಿ, ಬೆಂಗಳೂರಿನ ಜಗಳ ನೋಡುವುದು ಎಂದು ನಾವು ಅಂದುಕೊಂಡಿದ್ದೇವೆ. ಗಂಟೆಗಟ್ಟಲೆ ನೋಡಿದ ಮೇಲೂ ನಮ್ಮ ವಾರ್ಡಿನ ಪಂಚಾಯಿತಿ ಸದಸ್ಯರು ಯಾರೆಂದು ಮಗು ಕೇಳಿದರೆ ತಡವರಿಸುತ್ತೇವೆ. ನಾನು ಹೇಳುವ ದಾರಿ ಇಷ್ಟೇ. ಎಲ್ಲ ಸುದ್ದಿಯ ಬೆನ್ನು ಹತ್ತಬೇಡಿ. ನಿಮ್ಮ ಊರಿನದೇ ಒಂದು ವಿಷಯ ಹಿಡಿಯಿರಿ. ಅದು ಯಾವ ಕಚೇರಿಗೆ ಹೋಗುತ್ತದೆ, ಎಲ್ಲಿ ನಿಲ್ಲುತ್ತದೆ, ಯಾರ ಸಹಿಗೆ ಕಾಯುತ್ತದೆ ಎಂಬುದನ್ನು ಕೊನೆಯವರೆಗೂ ನೋಡಿ. ಮಗುವನ್ನೂ ಜೊತೆಗೆ ಸೇರಿಸಿಕೊಳ್ಳಿ.

ರಜೆಯ ಆದೇಶದಿಂದಲೇ ಶುರು ಮಾಡಿ

ಮಗುವಿನ ಕೈಗೆ ಸಿಕ್ಕ ಮೊದಲ ಸರಕಾರಿ ಆದೇಶ ಅದು. ವಾಟ್ಸ್‌ಆ್ಯಪ್‌ನಲ್ಲಿ ಬಂದದ್ದನ್ನು ಇಬ್ಬರೂ ಸೇರಿ ಓದಿ. ದಿನಾಂಕ ಇವತ್ತಿನದೇ? ಯಾವ ತಾಲೂಕಿಗೆ? ಅಂಗನವಾಡಿ, ಶಾಲೆ, ಪಿಯು ಕಾಲೇಜು ಎಲ್ಲಕ್ಕೂ ಅನ್ವಯಿಸುತ್ತದೆಯೇ? ಸಹಿ ಯಾರದು? ಹಳೆಯ ವರ್ಷದ ಆದೇಶದ ದಿನಾಂಕ ತಿದ್ದಿ ಹರಿಬಿಡುವವರು ಇರುತ್ತಾರೆ. ಜಿಲ್ಲಾಡಳಿತದ ಅಧಿಕೃತ ಪುಟದಲ್ಲಿ ಅದೇ ಆದೇಶ ಇದೆಯೇ ಎಂದು ನೋಡಿ ಖಚಿತ ಮಾಡಿಕೊಂಡ ಮೇಲೆಯೇ ಕ್ಲಾಸಿನ ಗ್ರೂಪಿಗೆ ಕಳಿಸುವ ಅಭ್ಯಾಸ ಮಗುವಿಗೆ ಆಗಲಿ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದ ದೃಶ್ಯಗಳು ಇವತ್ತಿನದೆಂಬಂತೆ ಮತ್ತೆ ಓಡಾಡಿ ಜನರನ್ನು ಕಂಗಾಲು ಮಾಡುವುದು ನಮಗೆಲ್ಲ ಗೊತ್ತು. ರಜೆಯ ಆದೇಶದಲ್ಲಿ ಕಲಿತ ಪರೀಕ್ಷೆ ಅಲ್ಲಿಯೂ ಕೆಲಸಕ್ಕೆ ಬರುತ್ತದೆ.

ಆಮೇಲೆ ಸಹಜವಾಗಿ ಮುಂದಿನ ಪ್ರಶ್ನೆ ಬರುತ್ತದೆ: ಈ ಅಧಿಕಾರ ಅವರಿಗೆ ಎಲ್ಲಿಂದ ಬಂತು? 2005ರ ವಿಪತ್ತು ನಿರ್ವಹಣಾ ಕಾಯ್ದೆಯಂತೆ ಪ್ರತಿ ಜಿಲ್ಲೆಗೂ ಒಂದು ವಿಪತ್ತು ನಿರ್ವಹಣಾ ಪ್ರಾಧಿಕಾರವಿದೆ, ಜಿಲ್ಲಾಧಿಕಾರಿಯೇ ಅದರ ಅಧ್ಯಕ್ಷರು. "ಅವರಿಗೆ ನಾವು ಓಟು ಹಾಕಿದ್ದೇವಾ?" ಎಂದು ಮಗು ಕೇಳಿದರೆ ಬಹಳ ಒಳ್ಳೆಯ ಪ್ರಶ್ನೆ ಕೇಳಿತು ಎಂದೇ ತಿಳಿಯಿರಿ. ಹಾಕಿಲ್ಲ, ರಾಜ್ಯ ಸರಕಾರ ಅವರನ್ನು ನೇಮಿಸುತ್ತದೆ. ಶಾಸಕರು ನಮ್ಮ ಓಟಿನಿಂದ ಬರುತ್ತಾರೆ. ಆರಿಸಿ ಬಂದವರು ಯಾರು, ನೇಮಕವಾಗಿ ಬಂದವರು ಯಾರು ಎಂಬ ಈ ಒಂದು ವ್ಯತ್ಯಾಸ ತಲೆಗೆ ಹೋದರೆ ಮುಂದಿನದೆಲ್ಲ ಹಗುರ.

ಒಂದು ವಿಷಯ ಆರಿಸಿ, ಒಂದು ನೋಟ್‌ಬುಕ್ ಇಡಿ

ಯಾವ ವಿಷಯ? ಮಗುವಿಗೆ ದಿನಾ ಕಣ್ಣಿಗೆ ಬೀಳುವಂಥದು. ಕುಡಿಯುವ ನೀರಿನ ಟ್ಯಾಂಕ್, ಶಾಲೆಗೆ ಬರುವ ಬಸ್ಸು, ಕುಸಿದ ತಡೆಗೋಡೆ, ಆನೆ. ತೋಟದ ಅಂಚಿನಲ್ಲಿರುವ ಮನೆಗಳಿಗೆ ನಾನು ಸೂಚಿಸುವುದು ಆನೆಯನ್ನೇ. ಆನೆ ದಾಟಿದ ದಾರಿಯಲ್ಲಿ ಶಾಲೆಗೆ ನಡೆದು ಹೋಗುವ ಮಕ್ಕಳು ನಮ್ಮಲ್ಲಿ ಎಷ್ಟೋ ಇದ್ದಾರೆ. ಅವರಿಗೆ ಇದು ಪಾಠಪುಸ್ತಕದ ವಿಷಯ ಆಗಬೇಕಿಲ್ಲ.

ಆನೆಯ ವಿಷಯ ಹಿಡಿದರೆ ಸರಕಾರದ ಎಲ್ಲ ಮೆಟ್ಟಿಲೂ ಕಾಣುತ್ತವೆ. ರಾತ್ರಿ ಗದ್ದೆಗೆ ಆನೆ ಇಳಿಯಿತು, ಭತ್ತ ತುಳಿಯಿತು. ಬೆಳಿಗ್ಗೆ ದೂರು ಹೋಗುವುದು ವಲಯ ಅರಣ್ಯಾಧಿಕಾರಿಯ ಕಚೇರಿಗೆ. ಬೆಳೆ ಹಾನಿಯ ಪರಿಹಾರ ಕೊಡುವುದು ರಾಜ್ಯದ ಅರಣ್ಯ ಇಲಾಖೆ. ಆನೆ ಕಂದಕ, ಸೋಲಾರ್ ಬೇಲಿ, ರೈಲ್ವೆ ಕಂಬಿಯ ಬ್ಯಾರಿಕೇಡ್, ಇವಕ್ಕೆ ದುಡ್ಡು ಎಷ್ಟೆಂದು ಬಜೆಟ್‌ನಲ್ಲಿ ನಿರ್ಧಾರವಾಗುತ್ತದೆ, ಬಜೆಟ್ ಮಂಡನೆಯಾಗುವುದು ವಿಧಾನಸಭೆಯಲ್ಲಿ. ತೊಂದರೆ ಕೊಡುವ ಒಂಟಿ ಸಲಗವನ್ನು ಹಿಡಿದು ಕ್ಯಾಂಪಿಗೆ ಸಾಗಿಸಬೇಕೆಂದರೆ ಇಲ್ಲಿಯ ಅಧಿಕಾರಿ ತಾನಾಗಿ ತೀರ್ಮಾನಿಸುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರ ಲಿಖಿತ ಅನುಮತಿ ಬೇಕು. ಆ ಕಾಯ್ದೆ ಮಾಡಿದ್ದು ಸಂಸತ್ತು. ಅರಣ್ಯ, ವನ್ಯಜೀವಿ ಎರಡೂ ಮೊದಲು ರಾಜ್ಯದ ಪಟ್ಟಿಯಲ್ಲಿದ್ದವು. 1976ರಲ್ಲಿ ಸಂವಿಧಾನಕ್ಕೆ ಆದ 42ನೇ ತಿದ್ದುಪಡಿಯಲ್ಲಿ ಕೇಂದ್ರ, ರಾಜ್ಯ ಎರಡಕ್ಕೂ ಅಧಿಕಾರವಿರುವ ಸಮವರ್ತಿ ಪಟ್ಟಿಗೆ ಬಂದವು. ಗದ್ದೆಯ ಬದಿಯಿಂದ ಹೊರಟು, ಈ ಪಟ್ಟಿಗಳಿರುವ ಸಂವಿಧಾನದ ಏಳನೇ ಅನುಸೂಚಿಯವರೆಗೆ ಹೀಗೆ ಬಂದಾಯಿತು. ಹೈಸ್ಕೂಲ್ ಮಗುವಿಗೆ ಇದು ಅರ್ಥವಾಗುತ್ತದೆ. ಚಿಕ್ಕವರಿಗೆ ವಲಯ ಅರಣ್ಯಾಧಿಕಾರಿಯ ಕಚೇರಿಯವರೆಗೆ ಸಾಕು.

ನೋಟ್‌ಬುಕ್ಕಿನಲ್ಲಿ ಪ್ರತಿ ಪುಟದಲ್ಲಿ ಮೂರು ಕಾಲಂ ಮಾಡಿ: ಏನಾಯಿತು, ಯಾರು ಹೊಣೆ, ಅವರು ಏನು ಹೇಳಿದರು. ಮೂರನೆಯ ಕಾಲಂ ಬಹಳ ಕಾಲ ಖಾಲಿ ಉಳಿಯಬಹುದು. ಖಾಲಿ ಬಿಡಿ, ತುಂಬಿಸಲು ಅವಸರ ಮಾಡಬೇಡಿ. ಖಾಲಿ ಜಾಗ ಕಂಡಷ್ಟೂ ಮಗು ಕೇಳುತ್ತದೆ.

ರಸ್ತೆಯನ್ನು ಆರಿಸಿಕೊಂಡವರಿಗೂ ಇದೇ ಕ್ರಮ. ಮನೆಯ ಗೇಟಿನಿಂದ ಮೈಸೂರಿಗೆ ಹೋಗುವಾಗ ದಾರಿಯಲ್ಲಿ ಎಷ್ಟು ಸಲ ರಸ್ತೆಯ ಒಡೆತನ ಬದಲಾಗುತ್ತದೆ ಎಂದು ಕೇಳಿ. ಗ್ರಾಮ ಪಂಚಾಯಿತಿ ರಸ್ತೆ, ಜಿಲ್ಲಾ ಪಂಚಾಯಿತಿಯದು, ಲೋಕೋಪಯೋಗಿ ಇಲಾಖೆಯದು, ಕೊನೆಗೆ ರಾಷ್ಟ್ರೀಯ ಹೆದ್ದಾರಿ 275. ಗುಂಡಿ ಒಂದೇ ಬಗೆಯದಾದರೂ ಅರ್ಜಿ ಕೊಡುವ ಜಾಗ ಬೇರೆ ಬೇರೆ. ಕಾಫಿಯೂ ಹಾಗೆಯೇ: ತೋಟಕ್ಕೆ ಹೋಗುವ ಕರೆಂಟು ರಾಜ್ಯದ ವಿದ್ಯುತ್ ಕಂಪನಿ ಸೆಸ್ಕ್‌ನದು, ಕಾಫಿ ಮಂಡಳಿ ಕೇಂದ್ರದ ವಾಣಿಜ್ಯ ಸಚಿವಾಲಯದ ಕೆಳಗೆ.

ಕಂದಾಯದ ರಸೀದಿ ಓದಿಸಿ

ಪಂಚಾಯಿತಿಗೆ ಮನೆ ಕಂದಾಯ ಕಟ್ಟಿದ ರಸೀದಿಯನ್ನು ನಾವು ಮಡಚಿ ಕಡತಕ್ಕೆ ಸೇರಿಸುತ್ತೇವೆ. ಈ ಸಲ ಮೇಜಿನ ಮೇಲೆ ಹರಡಿ, ಮಗುವಿಗೆ ಗಟ್ಟಿಯಾಗಿ ಓದಲು ಹೇಳಿ. ಮೂಲ ತೆರಿಗೆಯ ಕೆಳಗೆ ಆರೋಗ್ಯ ಕರ, ಶಿಕ್ಷಣ ಕರ, ಗ್ರಂಥಾಲಯ ಕರ, ಭಿಕ್ಷುಕರ ಕರ ಎಂದು ಸಣ್ಣ ಸಣ್ಣ ಮೊತ್ತಗಳು ಬರುತ್ತವೆ. "ಗ್ರಂಥಾಲಯಕ್ಕೆ ನಾವು ದುಡ್ಡು ಕೊಡ್ತೇವಾ? ಹಾಗಾದ್ರೆ ಎಲ್ಲಿದೆ?" ಎಂಬ ಪ್ರಶ್ನೆ ಬಂದೇ ಬರುತ್ತದೆ. ಅದೇ ದಿನ ಕರೆದುಕೊಂಡು ಹೋಗಿ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿಗೆ ಈಗ ಅರಿವು ಕೇಂದ್ರ ಎಂದು ಹೆಸರು. 2020ರಲ್ಲಿ ಶುರುವಾದ 'ಓದುವ ಬೆಳಕು' ಕಾರ್ಯಕ್ರಮದಡಿ 6ರಿಂದ 18 ವರ್ಷದ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವವಿದೆ. ಮಗುವಿನ ಹೆಸರಿನಲ್ಲೇ ಕಾರ್ಡ್ ಮಾಡಿಸಿ. ಬಾಗಿಲು ತೆರೆಯುವ ಹೊತ್ತು ಸರಿಯಿಲ್ಲ, ಪತ್ರಿಕೆ ಬರುತ್ತಿಲ್ಲ, ಮಕ್ಕಳ ಪುಸ್ತಕ ಕಡಿಮೆ ಎಂದು ಕಂಡರೆ ಅದೂ ನೋಟ್‌ಬುಕ್ಕಿಗೆ ಸೇರಲಿ. ನಾವು ಕೊಟ್ಟ ದುಡ್ಡು, ನಾವು ಕೇಳಬೇಕಾದ ಲೆಕ್ಕ. ಇದಕ್ಕಿಂತ ಗಟ್ಟಿಯಾದ ಪೌರನೀತಿ ಪಾಠ ನನಗೆ ಗೊತ್ತಿಲ್ಲ.

ಸುದ್ದಿಗೆ ಹೊತ್ತು ಗೊತ್ತುಮಾಡಿ

ಬೆಳಗಿನ ಕಾಫಿಯ ಜೊತೆ ಆಕಾಶವಾಣಿಯ ವಾರ್ತೆ ಸಾಕು. ಸ್ಥಳೀಯ ಸುದ್ದಿಗೆ ಮಡಿಕೇರಿಯ 'ಶಕ್ತಿ'ಯಂಥ ಜಿಲ್ಲೆಯ ಪತ್ರಿಕೆ, ಜೊತೆಗೆ ರಾಜ್ಯಮಟ್ಟದ ಒಂದು ಪತ್ರಿಕೆ. ಮೊದಲ ಪುಟಕ್ಕಿಂತ ಒಳಪುಟದ ಪ್ರಕಟಣೆಗಳನ್ನು ಓದಿಸಿ: ಟೆಂಡರ್, ಗ್ರಾಮ ಸಭೆಯ ದಿನ, ಕರೆಂಟು ಇಲ್ಲದ ಊರುಗಳ ಪಟ್ಟಿ, ಆಕ್ಷೇಪಣೆ ಆಹ್ವಾನ. ಆಕ್ಷೇಪಣೆ ಆಹ್ವಾನ ಎಂಬ ಸಾಲು ಕಂಡರೆ ಕತ್ತರಿಸಿ ಇಟ್ಟುಕೊಳ್ಳಿ. ಪಶ್ಚಿಮಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದ ಆರನೇ ಕರಡು ಅಧಿಸೂಚನೆ 2024ರ ಜುಲೈ 31ರಂದು ಹೊರಟಾಗ ಆಕ್ಷೇಪಣೆಗೆ 60 ದಿನ ಸಮಯವಿತ್ತು. ಆ ಅಧಿಸೂಚನೆಯ ಪರ ಇರಿ, ವಿರೋಧ ಇರಿ, ಅದು ನಿಮ್ಮ ತೀರ್ಮಾನ. ಆದರೆ ಕರಡನ್ನು ಓದಿ, ನಮ್ಮ ಗ್ರಾಮದ ಹೆಸರು ಪಟ್ಟಿಯಲ್ಲಿದೆಯೇ ಎಂದು ನೋಡಿ, ಬರೆದು ಕಳಿಸಿದ ಮನೆಗಳು ಎಷ್ಟು? ಸಭೆಯಲ್ಲಿ ಕೂಗಿದ್ದು ಗಾಳಿಗೆ ಹೋಗುತ್ತದೆ, ಬರೆದು ಕೊಟ್ಟದ್ದು ಕಡತದಲ್ಲಿ ಉಳಿಯುತ್ತದೆ.

ಶಾಸಕರು, ಸಂಸದರು ನಮ್ಮ ವಿಷಯ ಎತ್ತಿದ್ದಾರೆಯೇ ಎಂದು ತಿಳಿಯಲು ಯಾರ ಮಾತನ್ನೂ ನಂಬಿ ಕೂರಬೇಕಿಲ್ಲ. ವಿಧಾನಸಭೆಯ ಪ್ರಶ್ನೋತ್ತರಗಳು ಅದರ ಜಾಲತಾಣದಲ್ಲಿ ಸಿಗುತ್ತವೆ, ಸಂಸತ್ತಿನವೂ ಹಾಗೆಯೇ. ಅಧಿವೇಶನ ನಡೆಯುವ ವಾರಗಳಲ್ಲಿ ಭಾನುವಾರ ಸ್ವಲ್ಪ ಹೊತ್ತು ಮಗುವಿನ ಜೊತೆ ಕೂತು ಹುಡುಕಿ. ಪ್ರಶ್ನೆಯನ್ನು ಮಾತ್ರ ಓದಿ ನಿಲ್ಲಿಸಬೇಡಿ. ಸಚಿವರ ಉತ್ತರದಲ್ಲಿ "ಪರಿಶೀಲನೆಯಲ್ಲಿದೆ" ಎಂದಿದ್ದರೆ ಮುಂದಿನ ಅಧಿವೇಶನದಲ್ಲಿ ಅದೇ ವಿಷಯ ಏನಾಯಿತೆಂದು ನೋಡುವುದು ಮಗುವಿನ ಕೆಲಸ.

ಗ್ರಾಮ ಸಭೆಗೆ ಕರೆದೊಯ್ಯಿರಿ

ಇದು ಎಲ್ಲಕ್ಕಿಂತ ಮುಖ್ಯ, ಹಾಗೂ ನಾವು ಹೆಚ್ಚು ತಪ್ಪಿಸಿಕೊಳ್ಳುವುದು ಇದನ್ನೇ. ಪಂಚಾಯಿತಿಗಳಿಗೆ ಸಂವಿಧಾನದ ಮನ್ನಣೆ ಕೊಟ್ಟ 73ನೇ ತಿದ್ದುಪಡಿ 1993ರ ಏಪ್ರಿಲ್ 24ರಂದು ಜಾರಿಗೆ ಬಂತು. ಅದೇ ವರ್ಷ ಕರ್ನಾಟಕವೂ ಪಂಚಾಯತ್ ರಾಜ್ ಕಾಯ್ದೆ ತಂದಿತು. ಗ್ರಾಮ ಸಭೆ ಆರು ತಿಂಗಳಿಗೊಮ್ಮೆಯಾದರೂ ನಡೆಯಬೇಕು, ಅದಕ್ಕೆ ಮೊದಲು ವಾರ್ಡ್ ಸಭೆ. ಮತದಾರರ ಪಟ್ಟಿಯಲ್ಲಿ ಹೆಸರಿರುವ ಪ್ರತಿಯೊಬ್ಬರೂ ಗ್ರಾಮ ಸಭೆಯ ಸದಸ್ಯರೇ, ಆಹ್ವಾನಕ್ಕೆ ಕಾಯಬೇಕಿಲ್ಲ. ವಿಧಾನಸಭೆಯಲ್ಲಿ ನಮ್ಮ ಪರವಾಗಿ ಇನ್ನೊಬ್ಬರು ಮಾತಾಡುತ್ತಾರೆ, ಗ್ರಾಮ ಸಭೆಯಲ್ಲಿ ನಾವೇ ಎದ್ದು ನಿಂತು ಮಾತಾಡಬಹುದು.

ಹೋಗುವ ಮೊದಲು ಪಂಚಾಯಿತಿ ಕಚೇರಿಗೆ ಒಮ್ಮೆ ಭೇಟಿ ಕೊಟ್ಟು ಹಿಂದಿನ ಸಭೆಯ ನಡಾವಳಿ ಕೇಳಿ ಓದಿ. ಆಗ ಎದ್ದು ನಿಂತಾಗ ಮಾತಿಗೆ ತೂಕ ಬರುತ್ತದೆ. "ರಸ್ತೆ ಸರಿಯಿಲ್ಲ" ಎಂದರೆ "ನೋಡೋಣ" ಎಂಬ ಉತ್ತರ ಸಿಗುತ್ತದೆ. "ಹೋದ ಸಭೆಯಲ್ಲಿ ಈ ರಸ್ತೆಗೆ ಕ್ರಿಯಾಯೋಜನೆಯಲ್ಲಿ ಹಣ ಇಡುವುದಾಗಿ ಬರೆದಿದೆ, ಇಟ್ಟಿದ್ದೀರಾ?" ಎಂದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಕಡತ ತೆಗೆಯಲೇಬೇಕು. ಮಗು ಪಕ್ಕದಲ್ಲಿ ಕೂತು ಈ ಎರಡು ಬಗೆಯ ಪ್ರಶ್ನೆಯ ವ್ಯತ್ಯಾಸವನ್ನು ತಾನೇ ನೋಡಿದರೆ ನೀವು ಏನನ್ನೂ ವಿವರಿಸಬೇಕಿಲ್ಲ.

ಮಕ್ಕಳಿಗೇ ಎಂದು ಮಕ್ಕಳ ಗ್ರಾಮ ಸಭೆಯೂ ಇದೆ. ಸಾಮಾನ್ಯವಾಗಿ ನವೆಂಬರ್ 14ರ ಮಕ್ಕಳ ದಿನಾಚರಣೆಯ ನಂತರ ಪಂಚಾಯಿತಿಗಳು ನಡೆಸುತ್ತವೆ. ಕೆಲವು ಕಡೆ ಅದು ಹಾಡು, ಭಾಷಣ, ಬಿಸ್ಕತ್ತಿನಲ್ಲಿ ಮುಗಿದುಹೋಗುತ್ತದೆ. ಹಾಗಾಗದಂತೆ ನೋಡಿಕೊಳ್ಳುವುದು ಪೋಷಕರ, ಶಿಕ್ಷಕರ ಕೈಯಲ್ಲಿದೆ. ನಾನು ಕಂಡ ಒಂದು ಸಭೆಯಲ್ಲಿ ಏಳನೇ ಕ್ಲಾಸಿನ ಹುಡುಗಿಯೊಬ್ಬಳು ಚೀಟಿ ಹಿಡಿದು ಎದ್ದು ನಿಂತಳು. ಕೈ ನಡುಗುತ್ತಿತ್ತು, ದನಿ ನಡುಗುತ್ತಿರಲಿಲ್ಲ. "ಸಾರ್, ನಮ್ಮ ಶಾಲೆಯ ಹೆಣ್ಣುಮಕ್ಕಳ ಶೌಚಾಲಯಕ್ಕೆ ನೀರಿನ ಪೈಪು ಹಾಕಿದ್ದೀರಿ, ನಲ್ಲಿ ಹಾಕಿಲ್ಲ. ಬಕೆಟ್ ಹೊತ್ತು ತರ್ತೇವೆ. ನಲ್ಲಿ ಯಾವತ್ತು ಹಾಕ್ತೀರಿ, ದಿನಾಂಕ ಹೇಳಿ." ಮುಂದಿನ ಸಾಲಿನಲ್ಲಿ ಕೂತಿದ್ದ ಸದಸ್ಯರು ನಕ್ಕರು. ಅವಳು ನಗಲಿಲ್ಲ, ಕೂರಲೂ ಇಲ್ಲ. ಪಿಡಿಒ ಪುಸ್ತಕ ತೆಗೆದು ದಿನಾಂಕ ಬರೆದುಕೊಂಡ ಮೇಲೆಯೇ ಕೂತಳು. ದಿನಾಂಕ ಕೇಳುವುದನ್ನು ಮಕ್ಕಳಿಗೆ ಕಲಿಸಿ. ಬೇರೇನೂ ಹೇಳಿಕೊಡದಿದ್ದರೂ ನಡೆದೀತು.

ಇಲ್ಲಿ ಒಂದು ಮಾತು ಹೇಳಲೇಬೇಕು. ತೋಟಗಳ ಲೈನ್ ಮನೆಗಳಲ್ಲಿರುವ ಕಾರ್ಮಿಕರಿಗೆ ಗ್ರಾಮ ಸಭೆಗೆ ಬರುವುದೆಂದರೆ ಒಂದು ದಿನದ ಕೂಲಿ ಬಿಡುವುದು. ಹಾಡಿಯ ಆದಿವಾಸಿ ಜನರಿಗೆ ಸಭೆಯ ಸುದ್ದಿಯೇ ತಲುಪದಿರುವುದುಂಟು. ಆದರೆ 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಹಕ್ಕು ನಿರ್ಧರಿಸುವ ಪ್ರಕ್ರಿಯೆ ಶುರುವಾಗುವುದೇ ಗ್ರಾಮ ಸಭೆಯಿಂದ. ತೋಟದ ಮಾಲೀಕರು ಸಭೆಯ ದಿನ ಅರ್ಧ ದಿನ ಸಂಬಳ ಸಹಿತ ಬಿಡುವು ಕೊಡಲಿ, ತಮ್ಮ ಜೀಪಿನಲ್ಲಿ ಕರೆದುಕೊಂಡು ಬರಲಿ. ಲೈನ್ ಮನೆಯ ಮಗುವೂ ಮಾಲೀಕರ ಮಗುವೂ ಒಂದೇ ಬೆಂಚಿನಲ್ಲಿ ಕೂತು ಒಂದೇ ಸಭೆ ನೋಡಬೇಕು. ಒಬ್ಬರ ಮಕ್ಕಳು ಮಾತ್ರ ಪ್ರಶ್ನೆ ಕೇಳಲು ಕಲಿತರೆ ಅದು ಪ್ರಜಾಪ್ರಭುತ್ವದ ತರಬೇತಿ ಆಗುವುದಿಲ್ಲ.

ಉತ್ತರ ಸಿಗದಿದ್ದರೆ ಮಾಹಿತಿ ಹಕ್ಕು

2005ರ ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಬರೆಯುವುದು ಕಷ್ಟವಿಲ್ಲ. ಕರ್ನಾಟಕದಲ್ಲಿ ಶುಲ್ಕ 10 ರೂಪಾಯಿ. ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು, 150 ಪದ ಮೀರಬಾರದು. 30 ದಿನದೊಳಗೆ ಉತ್ತರ ಬರಬೇಕು. ಬರದಿದ್ದರೆ ಅದೇ ಇಲಾಖೆಯ ಮೇಲಿನ ಅಧಿಕಾರಿಗೆ ಮೊದಲ ಮೇಲ್ಮನವಿ, ಅಲ್ಲಿಯೂ ಆಗದಿದ್ದರೆ ರಾಜ್ಯ ಮಾಹಿತಿ ಆಯೋಗ. "ಯಾಕೆ ಮಾಡಿಲ್ಲ?" ಎಂದು ಕೇಳಬೇಡಿ, ಕಾರಣ ಅವರ ಕಡತದಲ್ಲಿ ಇರಲಿಕ್ಕಿಲ್ಲ. "ಈ ಕಾಮಗಾರಿಯ ಅಂದಾಜುಪಟ್ಟಿ, ಬಿಲ್ಲು, ಅಳತೆ ಪುಸ್ತಕದ ಪ್ರತಿ ಕೊಡಿ" ಎಂದು ದಾಖಲೆಯ ಹೆಸರು ಹೇಳಿ ಕೇಳಿ. ಅರ್ಜಿ ನಿಮ್ಮ ಹೆಸರಿನಲ್ಲಿರಲಿ, ಕರಡು ಮಗು ಬರೆಯಲಿ. 150 ಪದದೊಳಗೆ ಬರೆಯುವ ಅಭ್ಯಾಸ ಕನ್ನಡ ಪರೀಕ್ಷೆಗೂ ಒಳ್ಳೆಯದೇ.

ಕೋಟೆಯ ಹಳೆ ಸಭಾಂಗಣ ತೋರಿಸಿ

ಮಡಿಕೇರಿಗೆ ಹೋದಾಗ ರಾಜಾಸೀಟು ಎಲ್ಲರೂ ನೋಡುತ್ತಾರೆ. ಕೋಟೆಯೊಳಗಿನ ಹಳೆ ವಿಧಾನ ಸಭಾಂಗಣದ ಮುಂದೆ ಒಮ್ಮೆ ಮಕ್ಕಳನ್ನು ನಿಲ್ಲಿಸಿ. 1950ರಿಂದ 1956ರವರೆಗೆ ಕೊಡಗು ಸ್ವತಃ ಒಂದು ರಾಜ್ಯ, ಕೇಂದ್ರದ ಹಿಡಿತ ಹೆಚ್ಚಿದ್ದ 'ಸಿ' ದರ್ಜೆಯದು. 1952ರಿಂದ 24 ಸದಸ್ಯರ ವಿಧಾನಸಭೆ. ಮುಖ್ಯಮಂತ್ರಿ ಸಿ.ಎಂ. ಪೂಣಚ್ಚ. ಸಂವಿಧಾನ ರಚನಾ ಸಭೆಯಲ್ಲಿ ಕೊಡಗನ್ನು ಪ್ರತಿನಿಧಿಸಿದವರೂ ಅವರೇ. 1956ರ ನವೆಂಬರ್ 1ರಂದು ಕೊಡಗು ಮೈಸೂರು ರಾಜ್ಯಕ್ಕೆ ಸೇರಿತು.

ಅಲ್ಲಿ ನಿಂತೇ ಲೆಕ್ಕ ಹಾಕಿಸಿ. ಅಂದು ಕೊಡಗಿಗೇ 24 ಶಾಸಕರು. ಇಂದು 224 ಸದಸ್ಯರ ವಿಧಾನಸಭೆಯಲ್ಲಿ ನಮ್ಮವರು ಇಬ್ಬರು, ಮಡಿಕೇರಿ ಮತ್ತು ವಿರಾಜಪೇಟೆ. 2008ರ ಕ್ಷೇತ್ರ ಪುನರ್ವಿಂಗಡಣೆಗೆ ಮೊದಲು ಸೋಮವಾರಪೇಟೆಯೂ ಸೇರಿ ಮೂವರಿದ್ದರು. ಲೋಕಸಭೆಗೆ ಆಗ ನಾವು ಮಂಗಳೂರು ಕ್ಷೇತ್ರ, ಈಗ ಮೈಸೂರು-ಕೊಡಗು. ಅದರ ಎಂಟು ವಿಧಾನಸಭಾ ಕ್ಷೇತ್ರಗಳಲ್ಲಿ ಎರಡು ಮಾತ್ರ ಕೊಡಗಿನವು. ಕ್ಷೇತ್ರಗಳು ಜನಸಂಖ್ಯೆಯ ಮೇಲೆ ನಿಂತಿವೆ. 2011ರ ಜನಗಣತಿಯಲ್ಲಿ ನಮ್ಮ ಜಿಲ್ಲೆಯ ಜನ 5,54,519. ಗುಡ್ಡಗಾಡಿನ ಚದುರಿದ ಊರುಗಳಿಗೆ ಇದು ನ್ಯಾಯವೇ ಎಂಬುದು ಮಕ್ಕಳು ಚರ್ಚಿಸಲು ಯೋಗ್ಯವಾದ ಪ್ರಶ್ನೆ. ಎರಡೂ ಕಡೆ ವಾದ ಇದೆ, ತೀರ್ಪು ನೀವು ಮೊದಲೇ ಕೊಡಬೇಡಿ.

ಮನೆಯಲ್ಲಿ ಪಕ್ಷದ ಮಾತು

ಅಜ್ಜ ಒಂದು ಪಕ್ಷ, ಅಪ್ಪ ಇನ್ನೊಂದು, ಚಿಕ್ಕಪ್ಪ ಮೂರನೆಯದು ಎಂಬ ಮನೆಗಳು ನಮ್ಮಲ್ಲಿ ಕಡಿಮೆಯೇನಲ್ಲ. ಮಕ್ಕಳ ಮುಂದೆ ವಾದಿಸಬಾರದು ಎಂದು ನಾನು ಹೇಳುವುದಿಲ್ಲ. ವಾದಿಸಿ, ಆದರೆ ಎದುರಿನವರ ಮಾತು ಮುಗಿಯಲಿ, ವ್ಯಕ್ತಿಯ ಜಾತಿ, ಭಾಷೆ ಎತ್ತಬೇಡಿ, ಊಟಕ್ಕೆ ಒಟ್ಟಿಗೆ ಕೂರಿ. ಕೊಡವ ತಕ್ಕ್, ಅರೆಭಾಷೆ, ಮಲಯಾಳಂ, ತುಳು, ಯರವ, ಕನ್ನಡ ಎಲ್ಲ ಕಿವಿಗೆ ಬೀಳುವ ಜಿಲ್ಲೆ ಇದು. ಮಕ್ಕಳ ಕೈಗೆ ಪಕ್ಷದ ಬಾವುಟ ಕೊಟ್ಟು ಮೆರವಣಿಗೆಗೆ ಕಳಿಸುವುದನ್ನು ಮಾತ್ರ ದಯವಿಟ್ಟು ಬಿಡಿ. ಯಾರಿಗೆ ಓಟು ಎಂಬುದನ್ನು ಹದಿನೆಂಟು ತುಂಬಿದ ಮೇಲೆ ಅವರೇ ಯೋಚಿಸಲಿ. ಶಾಲೆಯಲ್ಲಿ ಶಾಲಾ ಸಂಸತ್ತಿನ ಚುನಾವಣೆ ಬಂದಾಗ ಸ್ಪರ್ಧಿಸಲು ಹುರಿದುಂಬಿಸಿ. ಸೋತು ಬಂದರೆ ಗೆದ್ದವರನ್ನು ಅಭಿನಂದಿಸಿದೆಯಾ ಎಂದು ಮೊದಲು ಕೇಳಿ.

ಹದಿನೇಳು ತುಂಬಿದ ಮಗು ಮನೆಯಲ್ಲಿದ್ದರೆ

ಕಾಯಬೇಡಿ. ಮತದಾರರ ಪಟ್ಟಿಗೆ ಸೇರಲು ಈಗ ವರ್ಷಕ್ಕೆ ನಾಲ್ಕು ಅರ್ಹತಾ ದಿನಗಳಿವೆ: ಜನವರಿ 1, ಏಪ್ರಿಲ್ 1, ಜುಲೈ 1, ಅಕ್ಟೋಬರ್ 1. ಹದಿನೇಳು ದಾಟಿದವರು ಮುಂಗಡವಾಗಿ ನಮೂನೆ 6 ತುಂಬಿ ಕೊಡಬಹುದು, ಹದಿನೆಂಟಾದ ಮೇಲೆ ಹೆಸರು ಸೇರುತ್ತದೆ. ಓದಲು ಮೈಸೂರು, ಮಂಗಳೂರಿಗೆ ಹೋಗುವ ಮಕ್ಕಳ ಹೆಸರು ಊರಿನಲ್ಲಿ ಇರಬೇಕೇ, ಹಾಸ್ಟೆಲಿನ ಊರಿನಲ್ಲಿ ಇರಬೇಕೇ ಎಂದು ಮೊದಲೇ ತೀರ್ಮಾನಿಸಿ, ಎರಡೂ ಕಡೆ ಇರುವಂತಿಲ್ಲ. ಅನುಮಾನವಿದ್ದರೆ ಮತದಾರರ ಸಹಾಯವಾಣಿ 1950ಕ್ಕೆ ಕರೆ ಮಾಡಿ ಅಥವಾ ನಿಮ್ಮ ಮತಗಟ್ಟೆಯ ಅಧಿಕಾರಿ (ಬಿಎಲ್‌ಒ) ಅವರನ್ನು ಕೇಳಿ. ಕರಡು ಪಟ್ಟಿ ಪ್ರಕಟವಾದಾಗ ಮನೆಯ ಎಲ್ಲರ ಹೆಸರನ್ನೂ ಆ ಮಗುವೇ ಹುಡುಕಲಿ. ಲೈನ್ ಮನೆಯವರ, ಪಕ್ಕದ ಮನೆಯ ಅಜ್ಜಿಯ ಹೆಸರನ್ನೂ ನೋಡಲಿ. ಹೆಸರಿನ ಅಕ್ಷರ ತಪ್ಪಿದ್ದರೆ, ಮನೆ ಬದಲಾಗಿದ್ದರೆ ನಮೂನೆ 8 ಕೊಟ್ಟು, ಅರ್ಜಿಯ ಸಂಖ್ಯೆಯನ್ನು ಅದೇ ನೋಟ್‌ಬುಕ್ಕಿನಲ್ಲಿ ಬರೆದಿಡಿ.